ಹೊಟ್ಟೆ ಸ್ಕ್ಯಾನಿಂಗ್‌ಗೆ "ಖಾಲಿ ಹೊಟ್ಟೇಲಿ ಬನ್ನಿ" ಅಂದ್ರೆ ಸಾಕಾಗಲ್ಲ

ಶಿವಮೊಗ್ಗದ ಒಂದು ಪ್ರೈವೇಟ್ ಅಲ್ಟ್ರಾಸೌಂಡ್ ಸ್ಕ್ಯಾನಿಂಗ್ ಸೆಂಟರಲ್ಲಿ ಕೌಂಟರ್ ನೋಡ್ಕೊಳ್ತಾ ಈಗ 11 ವರ್ಷ ಆಯ್ತು. ಫೋನ್ ಎತ್ತೋದು, ಟೋಕನ್ ಬರೆಯೋದು, ಹೆಣ್ಮಕ್ಕಳ ಸ್ಕ್ಯಾನ್ ಇದ್ದಾಗ ಒಳಗೆ ಜೊತೆಗೆ ನಿಲ್ಲೋದು, ಡಾಕ್ಟ್ರು ಹೇಳಿದ್ದನ್ನ ರಿಪೋರ್ಟ್ ಟೈಪ್ ಮಾಡೋದು, ಎಲ್ಲಾ ನಂದೇ ಕೆಲಸ. "ಹೊಟ್ಟೆ ಸ್ಕ್ಯಾನ್ ಮಾಡಿಸ್ಬೇಕು, ಹೇಗೆ ಬರ್ಬೇಕು ಮೇಡಂ" ಅಂತ ದಿನಾ ಫೋನ್ ಬರತ್ತೆ. ಮೊದಲೆಲ್ಲ ನಾನು ಒಂದೇ ಉಸಿರಿಗೆ ಹೇಳಿ ಇಟ್ಬಿಡ್ತಿದ್ದೆ, "ಖಾಲಿ ಹೊಟ್ಟೇಲಿ ಬನ್ನಿ, ನೀರು ಕುಡ್ಕೊಂಡು ಬನ್ನಿ, ಒಂದಕ್ಕೆ ಹೋಗ್ಬೇಡಿ."

ಸಾಗರದ ಕಡೆಯ ಒಬ್ರು ಯಜಮಾನ್ರಿಗೂ ಹಾಗೇ ಹೇಳಿದ್ದೆ, ನಾನು ಸೇರಿ ಎರಡನೇ ವರ್ಷ ಅದು. 65ರ ಮೇಲೆ ವಯಸ್ಸು, ಅಡಿಕೆ ತೋಟದೋರು. ಮೊದಲ ಬಸ್ಸಿಗೆ ಹೊರಟು ಬಂದಿದ್ರು, ಆದ್ರೆ ಅವತ್ತು ಬೆಳಿಗ್ಗೆಯಿಂದ ಎಮರ್ಜೆನ್ಸಿ ಕೇಸ್ ಮೇಲೆ ಎಮರ್ಜೆನ್ಸಿ ಕೇಸ್ ಬಂದು ಟೋಕನ್ ಮುಂದಕ್ಕೇ ಹೋಗ್ಲಿಲ್ಲ, ಹತ್ತೂವರೆ ಆದ್ರೂ ಅವ್ರು ಬೆಂಚ್ ಮೇಲೇ ಕೂತಿದ್ರು. ಆಮೇಲೆ ನೋಡಿದ್ರೆ ಅಂಗಿಯೆಲ್ಲಾ ಬೆವರಲ್ಲಿ ಒದ್ದೆ, ಕೈ ನಡುಗ್ತಿದೆ, ಮಾತು ತೊದಲ್ತಿದೆ. ಮಗ ಗಾಬರಿ ಆಗಿ ಕೂಗ್ದ. ಡಾಕ್ಟ್ರು ಒಳಗಿಂದ ಓಡಿ ಬಂದು ಬೆರಳು ಚುಚ್ಚಿ ನೋಡಿದ್ರೆ ಶುಗರ್ 48. 70ಕ್ಕಿಂತ ಕೆಳಗೆ ಬಂದ್ರೇ ಲೋ ಶುಗರ್ ಅಂತಾರೆ. ಗ್ಲೂಕೋಸ್ ಕಲಸಿ ಕುಡಿಸಿ ಕಾಲು ಗಂಟೆ ಆದ್ಮೇಲೆ ಸರಿಯಾಗಿ ಮಾತಾಡೋಕೆ ಶುರು ಮಾಡಿದ್ರು. ಆಗಿದ್ದೇನಂದ್ರೆ, ಅವ್ರಿಗೆ ಶುಗರ್ ಇತ್ತು, ದಿನದ ಹಾಗೇ ಬೆಳಿಗ್ಗೆ ಶುಗರ್ ಮಾತ್ರೆ ನುಂಗಿದ್ರು, ನಾನು ತಿನ್ಬೇಡಿ ಅಂದಿದ್ದಕ್ಕೆ ಏನೂ ತಿಂದಿರ್ಲಿಲ್ಲ. ನಾನು ತಪ್ಪಾಯ್ತು ಅಂತ ಹತ್ರ ಹೋಗಿ ನಿಂತಾಗ ಅವ್ರು ಬೈಲಿಲ್ಲ. "ನೀವು ಕೇಳಿದ್ರೆ ಹೇಳ್ತಿದ್ದೆ ತಂಗಿ" ಅಂದ್ರು.

ಅವತ್ತಿಂದ ನಾನು ಫೋನಲ್ಲಿ ಮೊದಲು ಕೇಳ್ತೀನಿ, ಆಮೇಲೆ ಹೇಳ್ತೀನಿ. ಆದ್ರೆ ಎಲ್ಲಾ ಸೆಂಟರಲ್ಲೂ ಕೇಳ್ತಾರೆ ಅಂತ ಇಲ್ಲ, ರಶ್ ಇದ್ದಾಗ ಯಾರಿಗೂ ಪುರುಸೊತ್ತು ಇರಲ್ಲ, ಅದಕ್ಕೇ ಇದನ್ನ ಬರೀತಿದೀನಿ, ಕೇಳ್ದೆ ಇದ್ರೆ ನೀವೇ ಹೇಳಿ.

ಶುಗರ್ ಇದ್ರೆ ಬೆಳಗಿನ ಮೊದಲನೇ ಟೋಕನ್ನೇ ಬೇಕು ಅಂತ ಕೇಳಿ, ಕಾರಣ ಹೇಳಿದ್ರೆ ಕೊಡ್ತಾರೆ. ಮಾತ್ರೆ ಇನ್ಸುಲಿನ್ ಹೇಗೆ ಮಾಡ್ಬೇಕು ಅಂತ ಅದನ್ನ ಬರೆದುಕೊಟ್ಟ ಡಾಕ್ಟ್ರನ್ನೇ ಹಿಂದಿನ ದಿನ ಕೇಳ್ಕೊಳ್ಳಿ, ಸಾಮಾನ್ಯವಾಗಿ ಸ್ಕ್ಯಾನ್ ಮುಗಿಸಿ ತಿಂಡಿ ಜೊತೆ ತಗೊಳ್ಳಿ ಅಂತಾರೆ, ಆದ್ರೆ ಇನ್ಸುಲಿನ್ ಒಬ್ಬೊಬ್ಬರಿಗೆ ಒಂದೊಂದು ಥರ ಇರತ್ತೆ, ಅಂದಾಜಿಗೆ ಮಾಡ್ಬೇಡಿ. ಬ್ಯಾಗಲ್ಲಿ ತಿಂಡಿ ಡಬ್ಬಿ ಮತ್ತೆ ಒಂದು ಮುಷ್ಟಿ ಸಕ್ಕರೆ ಇರ್ಲಿ. ಕೂತಲ್ಲಿ ಬೆವರು, ನಡುಕ, ಕಣ್ಣು ಕತ್ತಲೆ ಬಂದ್ರೆ ಸ್ಕ್ಯಾನ್ ಯೋಚನೆ ಬಿಟ್ಟು ಮೊದಲು ಸಕ್ಕರೆ ಬಾಯಿಗೆ ಹಾಕ್ಕೊಳ್ಳಿ. ಸ್ಕ್ಯಾನ್ ನಾಳೆ ಮಾಡಬಹುದು. ಬಿಪಿ ಮಾತ್ರೆ, ಥೈರಾಯ್ಡ್ ಮಾತ್ರೆ ಸಾಮಾನ್ಯವಾಗಿ ಸ್ವಲ್ಪ ನೀರಲ್ಲಿ ನುಂಗಬಹುದು, ಅದನ್ನ ಸ್ಕ್ಯಾನಿಂಗ್ ನೆಪಕ್ಕೆ ಬಿಡೋರು ಜಾಸ್ತಿ, ಆಮೇಲೆ ಬಿಪಿ ಏರಿಸ್ಕೊಂಡು ತಲೆನೋವು ಅಂತ ಕೂತಿರ್ತಾರೆ.

ಖಾಲಿ ಹೊಟ್ಟೆ ಯಾಕೆ ಅಂತ ನಮ್ಮ ಡಾಕ್ಟ್ರು ನನಗೆ ಮಾನಿಟರ್ ತೋರ್ಸಿ ಹೇಳ್ಕೊಟ್ಟಿದ್ರು. ಲಿವರ್ ಕೆಳಗೆ ಪಿತ್ತಕೋಶ ಇರತ್ತಲ್ಲ, ಗಾಲ್ ಬ್ಲಾಡರ್, ಅದರಲ್ಲಿ ಪಿತ್ತರಸ ತುಂಬ್ಕೊಂಡಿರತ್ತೆ. ಜಿಡ್ಡಿನ ಪದಾರ್ಥ, ಹಾಲು ಹೊಟ್ಟೆಗೆ ಹೋದ ಕೂಡ್ಲೇ ಅದು ಹಿಂಡ್ಕೊಂಡು ಚಿಕ್ಕದಾಗ್ಬಿಡತ್ತೆ. 6ರಿಂದ 8 ಗಂಟೆ ಖಾಲಿ ಹೊಟ್ಟೇಲಿದ್ರೆ ಪೂರ್ತಿ ತುಂಬಿ ಮಾನಿಟರಲ್ಲಿ ಕಪ್ಪಗೆ ಚೀಲದ ಥರ ಚೆನ್ನಾಗಿ ಕಾಣತ್ತೆ, ಅದರೊಳಗೆ ಕಲ್ಲು ಇದ್ರೆ ಬೆಳ್ಳಗೆ ಹೊಳೀತದೆ, ಕಲ್ಲಿನ ಹಿಂದೆ ಕಪ್ಪು ನೆರಳು ಬೀಳತ್ತೆ. ಎಡಕ್ಕೆ ತಿರುಗಿ ಮಲಗಿ ಅಂತ ಡಾಕ್ಟ್ರು ಹೇಳೋದು ಯಾಕೆ ಅಂದ್ರೆ ಕಲ್ಲಾದ್ರೆ ಉರುಳತ್ತೆ, ಒಳಗೋಡೆಗೆ ಅಂಟಿರೋ ಪಾಲಿಪ್ ಅನ್ನೋ ಸಣ್ಣ ಗಂಟು ಆದ್ರೆ ಅಲ್ಲೇ ಇರತ್ತೆ. ಹಿಂಡ್ಕೊಂಡ ಪಿತ್ತಕೋಶದಲ್ಲಿ ಇದ್ಯಾವುದೂ ಸರಿಯಾಗಿ ಗೊತ್ತಾಗಲ್ಲ, ಅದರ ಗೋಡೆಯೂ ದಪ್ಪ ಆದ ಹಾಗೆ ಕಾಣತ್ತೆ.

ಇಲ್ಲೇ ನಮ್ಮ ಮಲೆನಾಡ ಕಡೆ ಜನ ಎಡವೋದು. "ಏನೂ ತಿಂದಿಲ್ಲ ಮೇಡಂ, ಟೀನೂ ಕುಡ್ದಿಲ್ಲ" ಅಂತಾರೆ, ಕೆದಕಿ ಕೇಳಿದ್ರೆ "ಒಂದು ಲೋಟ ಕಷಾಯ ಅಷ್ಟೇ." ಕಷಾಯಕ್ಕೆ ಹಾಲು ಹಾಕಿರ್ತಾರೆ. ಹಾಲು ಹಾಕಿದ್ದು ಯಾವುದೇ ಆದ್ರೂ ಅಷ್ಟೇ, ಪಿತ್ತಕೋಶಕ್ಕೆ ಟೀ ಬೇರೆ ಕಷಾಯ ಬೇರೆ ಅಲ್ಲ. ಎಲೆಅಡಿಕೆನೂ ಬೇಡ, ಅಗೀತಾ ಇದ್ರೆ ಗಾಳಿ ನುಂಗ್ತೀವಿ, ಬೀಡಿ ಸಿಗರೇಟು ಚೂಯಿಂಗ್ ಗಮ್ ಸೋಡಾ ಎಲ್ಲಾ ಅದೇ ಸಾಲಿಗೆ. ಹೊಟ್ಟೇಲಿ ಗ್ಯಾಸ್ ತುಂಬಿದ್ರೆ ಸ್ಕ್ಯಾನ್ ಮಷಿನ್ ಬಿಡೋ ಶಬ್ದದ ತರಂಗ ಗಾಳಿ ದಾಟಿ ಒಳಗೆ ಹೋಗಲ್ಲ, ಅದರ ಹಿಂದಿರೋದು ಏನೂ ಕಾಣಲ್ಲ. ಇನ್ನು ಕೆಲವ್ರು ಇದಕ್ಕೆ ಉಲ್ಟಾ, ಏಕಾದಶಿ ಥರ ಒಂದು ಹನಿ ನೀರೂ ಮುಟ್ಟದೆ ಬರ್ತಾರೆ, ಬರೀ ನೀರು ಕುಡಿಬಹುದು, ತೊಂದ್ರೆ ಇಲ್ಲ.

ಒಂದು ಮಾತು. ತಡೆಯೋಕಾಗ್ದಷ್ಟು ಹೊಟ್ಟೆನೋವು, ಜ್ವರ, ವಾಂತಿ, ಬಿದ್ದು ಹೊಟ್ಟೆಗೆ ಪೆಟ್ಟು, ಹೀಗೆಲ್ಲ ಇದ್ರೆ ಖಾಲಿ ಹೊಟ್ಟೆ ಆಗ್ಲಿ ಅಂತ ಮನೇಲಿ ಕಾಯ್ಬೇಡಿ, ಸೀದಾ ಆಸ್ಪತ್ರೆಗೆ ಹೋಗಿ. ಎಮರ್ಜೆನ್ಸಿಗೆ ಊಟ ಮಾಡಿದ್ರೂ ಸ್ಕ್ಯಾನ್ ಮಾಡ್ತಾರೆ.

ಈಗ ನೀರಿನ ವಿಚಾರ. ಚೀಟಿ ಮೇಲೆ ಏನು ಬರೆದಿದೆ ನೋಡಿ. ಬರೀ ಅಪ್ಪರ್ ಅಬ್ಡಾಮಿನ್, ಅಂದ್ರೆ ಹೊಟ್ಟೆ ಮೇಲ್ಭಾಗ ಅಂತಿದ್ರೆ ಖಾಲಿ ಹೊಟ್ಟೆ ಸಾಕು. ಕೆಯುಬಿ ಅಂದ್ರೆ ಕಿಡ್ನಿ ಮತ್ತೆ ಮೂತ್ರಚೀಲ, ಪೆಲ್ವಿಸ್ ಅಂದ್ರೆ ಗರ್ಭಕೋಶ ಅಂಡಾಶಯ, ಇವೆರಡಕ್ಕೂ ಮೂತ್ರಚೀಲ ತುಂಬಿರ್ಬೇಕು, ಉಪವಾಸ ಬೇಡ. ಹೋಲ್ ಅಬ್ಡಾಮಿನ್, ಅಂದ್ರೆ ಪೂರ್ತಿ ಹೊಟ್ಟೆ ಅಂತಿದ್ರೆ ಎರಡೂ ಬೇಕು. ಮೂತ್ರಚೀಲ ತುಂಬಿದ್ರೆ ಅದು ಕಿಟಕಿ ಇದ್ದ ಹಾಗೆ, ಅದರ ಮೂಲಕ ಹಿಂದಿರೋ ಗರ್ಭಕೋಶ, ಗಂಡಸರಿಗೆ ಪ್ರೊಸ್ಟೇಟ್ ಗ್ರಂಥಿ ಕಾಣತ್ತೆ. ಸುಮಾರು ಒಂದು ಲೀಟರ್, ನಾಲ್ಕೈದು ಲೋಟ, ಸ್ಕ್ಯಾನಿಗೆ ಒಂದು ಗಂಟೆ ಮುಂಚೆ.

ಆ ಒಂದು ಗಂಟೆ ಅನ್ನೋದನ್ನ ದೂರದಿಂದ ಬರೋರು ಗಮನ ಇಟ್ಟು ಕೇಳ್ಬೇಕು. ಸಾಗರದಿಂದ ಶಿವಮೊಗ್ಗ 70 ಕಿಲೋಮೀಟರ್ ಚಿಲ್ರೆ, ಮನೇಲೇ ನೀರು ಕುಡಿದು ಬಸ್ ಹತ್ತಿದ್ರೆ ದಾರಿ ಪೂರ್ತಿ ನರಕ, ಪಾಪ ಎಷ್ಟೋ ಹೆಂಗಸ್ರು ಕಣ್ಣಲ್ಲಿ ನೀರು ತುಂಬ್ಕೊಂಡು ಒಳಗೆ ಬರೋದನ್ನ ನೋಡಿದೀನಿ, ಅಥವಾ ಬಸ್‌ಸ್ಟ್ಯಾಂಡಲ್ಲಿ ತಡೆಯೋಕಾಗ್ದೆ ಹೋಗಿ ಬಂದು ಮತ್ತೆ ಮೊದಲಿಂದ ಕುಡೀತಾ ಕೂರೋದು. ಬಾಟಲಿ ತನ್ನಿ, ಬಂದು ಟೋಕನ್ ಮಾಡ್ಸಿ, "ನನ್ನ ಸರದಿ ಎಷ್ಟೊತ್ತಿಗೆ ಬರಬಹುದು" ಅಂತ ಕೇಳಿ, ಅದರ ಲೆಕ್ಕಕ್ಕೆ ಕುಡೀರಿ. ಮೂರು ಲೀಟರ್ ಕುಡಿಯೋದೂ ಬೇಡ, ವಿಪರೀತ ತುಂಬಿದ್ರೆ ಕಿಡ್ನಿ ಊದ್ಕೊಂಡ ಹಾಗೆ ಕಾಣೋದೂ ಉಂಟು. ತಡೆಯೋಕಾಗ್ಲಿಲ್ಲ ಅಂದ್ರೆ ನಾಚ್ಕೊಳ್ದೆ ಕೌಂಟರಿಗೆ ಹೇಳಿ, ನಾವು ನಿಮ್ಮನ್ನ ಒಂದು ನಂಬರ್ ಮೊದಲೇ ಒಳಗೆ ಕಳ್ಸೋಕೆ ನೋಡ್ತೀವಿ. ಕೆಲವರಿಗೆ, ಅದರಲ್ಲೂ ಪ್ರೊಸ್ಟೇಟ್ ತೊಂದ್ರೆ ಇರೋ ಹಿರಿಯರಿಗೆ, ಒಂದಕ್ಕೆ ಹೋಗಿ ಬನ್ನಿ ಅಂತ ಕಳ್ಸಿ ಮತ್ತೆ ನೋಡ್ತಾರೆ, ಒಳಗೆ ಎಷ್ಟು ಉಳ್ಕೊಂಡಿದೆ ಅಂತ ಅಳೆಯೋಕೆ, ಆಗ "ಮುಗೀತು" ಅಂತ ಮನೆಗೆ ಹೊರಟುಬಿಡ್ಬೇಡಿ. ಯೂರಿನ್ ಪೈಪ್ ಹಾಕಿರೋರು ಇದ್ರೆ ಫೋನಲ್ಲೇ ಹೇಳಿ, ಪೈಪ್ ಎಷ್ಟೊತ್ತು ಮೊದಲು ಕ್ಲಾಂಪ್ ಹಾಕಿ ಮುಚ್ಬೇಕು ಅಂತ ನರ್ಸ್ ಹೇಳ್ತಾರೆ.

ಅದೇ ದಿನ ರಕ್ತ ಪರೀಕ್ಷೆ ಇದ್ರೆ ಖಾಲಿ ಹೊಟ್ಟೆ ಶುಗರ್ ಕೊಟ್ಟು, ಸ್ಕ್ಯಾನ್ ಮುಗ್ಸಿ, ಆಮೇಲೆ ತಿಂಡಿ ತಿಂದು ಎರಡು ಗಂಟೆ ಆದ್ಮೇಲೆ ಇನ್ನೊಂದ್ಸಲ ರಕ್ತ ಕೊಡಬಹುದು, ಒಂದೇ ಉಪವಾಸದಲ್ಲಿ ಎಲ್ಲಾ ಆಗತ್ತೆ. ಎಂಡೋಸ್ಕೋಪಿನೂ ಅವತ್ತೇ ಇದ್ರೆ ಸ್ಕ್ಯಾನ್ ಮೊದಲು ಮಾಡ್ಸಿ, ಎಂಡೋಸ್ಕೋಪಿಲಿ ಹೊಟ್ಟೆಗೆ ಗಾಳಿ ಬಿಡ್ತಾರೆ.

ಒಳಗೆ ಏನಾಗತ್ತೆ ಅಂತ ಹೆದರೋರು ಬಹಳ ಜನ, ನೋವಾಗತ್ತಾ, ಕರೆಂಟ್ ಹೊಡಿಯತ್ತಾ, ಎಕ್ಸ್‌ರೇ ಥರ ಕಿರಣ ಇರತ್ತಾ ಅಂತ. ಏನೂ ಇಲ್ಲ, ಇದು ನಮ್ಮ ಕಿವಿಗೆ ಕೇಳ್ದೇ ಇರೋ ಶಬ್ದ ಅಷ್ಟೇ, ಒಳಗೆ ಹೋಗಿ ಬಡಿದು ವಾಪಸ್ ಬಂದ ಸದ್ದಿಂದ ಮಷಿನ್ ಚಿತ್ರ ಕಟ್ಟತ್ತೆ. ಹೊಟ್ಟೆಗೆ ತಣ್ಣಗೆ ಜೆಲ್ ಹಚ್ತಾರೆ, ನೀರಿನಂಶದ್ದು, ಒರೆಸಿದ್ರೆ ಹೋಗತ್ತೆ. ಉಸಿರು ಎಳ್ಕೊಳ್ಳಿ, ಹಿಡ್ಕೊಳ್ಳಿ, ಬಿಡಿ ಅಂತಾರೆ, ಉಸಿರು ಎಳೆದಾಗ ಪಕ್ಕೆಲುಬಿನ ಮರೇಲಿರೋ ಲಿವರ್ ಕೆಳಗಿಳಿದು ಕಾಣತ್ತೆ. ಹೆಣ್ಮಕ್ಕಳು ಸೀರೆ ಅಥವಾ ಚೂಡಿದಾರ್ ಹಾಕ್ಕೊಂಡು ಬನ್ನಿ, ಲಾಡಿ ಸಡಿಲ ಮಾಡಿದ್ರೆ ಸಾಕಾಗತ್ತೆ, ನೈಟಿ ಅಥವಾ ಒಂದೇ ಪೀಸಿನ ಗೌನ್ ಆದ್ರೆ ಪೂರ್ತಿ ಮೇಲೆ ಎತ್ಬೇಕು, ನಿಮಗೇ ಮುಜುಗರ. ಡಾಕ್ಟ್ರು ಗಂಡಸಾದ್ರೆ ಹೆಣ್ಣು ಸ್ಟಾಫ್ ಒಳಗಿರ್ಬೇಕು ಅಂತ ನೀವು ಕೇಳಬಹುದು, ಕೇಳಿ. ಕೆಲವೊಮ್ಮೆ ಗರ್ಭಕೋಶ ಸರಿಯಾಗಿ ಕಾಣ್ಲಿಲ್ಲ ಅಂದ್ರೆ ಯೋನಿಯ ಒಳಗಿನಿಂದ ಮಾಡೋ ಸ್ಕ್ಯಾನ್ ಬೇಕು ಅಂತಾರೆ, ಟಿವಿಎಸ್ ಅಂತ. ಅದು ನಿಮ್ಮ ಒಪ್ಪಿಗೆ ಇದ್ರೆ ಮಾತ್ರ, ಮದುವೆ ಆಗ್ದೇ ಇರೋ ಹುಡುಗೀರು ಬೇಡ ಅಂತ ಧೈರ್ಯವಾಗಿ ಹೇಳಿ.

ಮುಟ್ಟು ನಿಂತಿದ್ರೆ, ಬಸುರಿ ಇರಬಹುದು ಅನ್ನಿಸಿದ್ರೆ ಮೊದಲೇ ತಿಳಿಸ್ಬೇಕು. ಬಸುರಿ ಅಂದ್ರೆ ಫಾರ್ಮ್ ಎಫ್ ತುಂಬ್ಬೇಕು, ಗುರುತಿನ ಚೀಟಿ ಬೇಕು, ಭ್ರೂಣಲಿಂಗ ಪತ್ತೆ ತಡೆಯೋ 1994ರ ಕಾಯ್ದೆ ಅದು. ಮಗು ಗಂಡೋ ಹೆಣ್ಣೋ ಅಂತ ಸನ್ನೇಲೂ ಹೇಳೋ ಹಾಗಿಲ್ಲ, ಮೊದಲನೇ ಸಲಕ್ಕೇ 3 ವರ್ಷದವರೆಗೆ ಜೈಲು ಇದೆ. ಅತ್ತೆಯಂದಿರು ಕೌಂಟರಿಗೆ ಬಂದು ಮೆಲ್ಲಗೆ ಕೇಳ್ತಾರೆ ಇವತ್ತಿಗೂ, ಆಗ ಪಕ್ಕದಲ್ಲಿ ನಿಂತಿರೋ ಸೊಸೆ ಮುಖ ನೋಡೋಕಾಗಲ್ಲ ನನಗೆ. ಹಾಸಿಗೆ ಹಿಡಿದ ಅಜ್ಜಿಗೆ ಮನೆಗೇ ಮಷಿನ್ ತನ್ನಿ ಅಂತ ಕೇಳೋರಿಗೂ ಆಗಲ್ಲ ಅನ್ನೋದಕ್ಕೆ ಇದೇ ಕಾಯ್ದೆ ಕಾರಣ, ಮಷಿನ್ ರಿಜಿಸ್ಟರ್ ಆದ ಜಾಗದಿಂದ ಹಾಗೆಲ್ಲ ಹೊರಗೆ ಒಯ್ಯೋ ಹಾಗಿಲ್ಲ.

ದುಡ್ಡಿನ ವಿಚಾರ ಸಂಕೋಚ ಬೇಡ. ಪ್ರೈವೇಟ್ ಸೆಂಟರ್ ಆದ್ರೆ ಕೆಪಿಎಂಇ, ಅಂದ್ರೆ ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಪ್ರಕಾರ ರಿಜಿಸ್ಟ್ರೇಷನ್ನೂ ರೇಟ್ ಬೋರ್ಡೂ ಕಾಣೋ ಹಾಗೆ ಹಾಕಿರ್ಬೇಕು. ಫೋನಲ್ಲೇ ಎಷ್ಟು, ರಿಪೋರ್ಟ್ ಅದರಲ್ಲೇ ಸೇರಿದ್ಯಾ, ಅವತ್ತೇ ಸಿಗತ್ತಾ ಅಂತ ಕೇಳ್ಕೊಳ್ಳಿ.

ಚೀಟಿ ಇಲ್ದೆ "ಸುಮ್ನೆ ಒಂದ್ಸಲ ಹೊಟ್ಟೆ ನೋಡ್ಬಿಡಿ" ಅಂತ ಬರೋರಿಗೆ ನಾನು ಮೊದಲು ಡಾಕ್ಟ್ರಿಗೆ ತೋರ್ಸಿ ಅಂತಾನೇ ಹೇಳೋದು. ಎಲ್ಲಿ ನೋವು, ಯಾಕೆ ನೋಡ್ಬೇಕು ಅಂತ ಚೀಟಿಲಿದ್ರೆ ಸ್ಕ್ಯಾನ್ ಮಾಡೋರು ಆ ಜಾಗವನ್ನ ಬಿಡದೆ ಹುಡುಕ್ತಾರೆ. ಹಳೇ ಆಪರೇಷನ್ ಆಗಿದ್ರೆ ಅದನ್ನೂ ಹೇಳಿ. ಮತ್ತೆ ಈ ಸ್ಕ್ಯಾನಲ್ಲಿ ಎಲ್ಲಾ ಕಾಣತ್ತೆ ಅಂದ್ಕೊಳ್ಬೇಡಿ. ಜಠರದ ಹುಣ್ಣು, ಗ್ಯಾಸ್ಟ್ರಿಕ್ ಇದರಲ್ಲಿ ಗೊತ್ತಾಗಲ್ಲ, ಮೂತ್ರನಾಳದ ನಡುವೆ ಸಿಕ್ಕಿರೋ ಸಣ್ಣ ಕಲ್ಲು ತಪ್ಪಿಸ್ಕೊಳ್ಳಬಹುದು, ಅಪೆಂಡಿಕ್ಸ್ ಎಷ್ಟೋ ಸಲ ಕಾಣೋದೇ ಇಲ್ಲ. ನಾರ್ಮಲ್ ಅಂತ ಬಂದ್ಮೇಲೂ ನೋವು ಇದ್ರೆ ಡಾಕ್ಟ್ರ ಹತ್ರ ಮತ್ತೆ ಹೋಗ್ಲೇಬೇಕು.

ರಿಪೋರ್ಟ್ ಕೈಗೆ ಬಂದ ಕೂಡ್ಲೇ ಮೊಬೈಲಲ್ಲಿ ಒಂದೊಂದೇ ಪದ ಹುಡುಕ್ತಾರೆ, ಅದೊಂದು ದೊಡ್ಡ ಸಂಕಟ. ಒಬ್ರು ಅಮ್ಮ ಫ್ಯಾಟಿ ಲಿವರ್ ಗ್ರೇಡ್ 1 ಅಂತ ನೋಡಿ ಕ್ಯಾನ್ಸರ್ ಮೊದಲನೇ ಸ್ಟೇಜ್ ಅಂದ್ಕೊಂಡು ಬೆಂಚ್ ಮೇಲೆ ಕೂತು ಅತ್ತಿದ್ರು, ಮಗಳಿಗೆ ಫೋನ್ ಮಾಡಿ ಆಗಿತ್ತು. ಅದು ಲಿವರಲ್ಲಿ ಕೊಬ್ಬು ಸ್ವಲ್ಪ ಸೇರಿದೆ ಅನ್ನೋದಷ್ಟೇ, ಕ್ಯಾನ್ಸರ್ ಸ್ಟೇಜ್‌ಗೂ ಅದಕ್ಕೂ ಸಂಬಂಧ ಇಲ್ಲ. ಗ್ಯಾಸಿಂದ ಪ್ಯಾಂಕ್ರಿಯಾಸ್ (ಮೇದೋಜೀರಕ ಗ್ರಂಥಿ) ಕಾಣ್ಲಿಲ್ಲ ಅಂತ ಬರೆದಿದ್ರೆ ಅದೊಂದು ಕಾಯಿಲೆ ಅಲ್ಲ, ಕಾಣ್ಲಿಲ್ಲ ಅಂತಷ್ಟೇ ಅರ್ಥ. ವಯಸ್ಸಾದೋರ ಕಿಡ್ನಿಲಿ ಸಿಂಪಲ್ ಸಿಸ್ಟ್ ಅಂತ ನೀರುಗುಳ್ಳೆ ಸಾಮಾನ್ಯ. ಕಿಡ್ನಿ ಕಲ್ಲು 5 ಮಿಲಿಮೀಟರಿಗಿಂತ ಚಿಕ್ಕದಾದ್ರೆ ಹೆಚ್ಚಿನವು ತಾನಾಗೇ ಹೋಗ್ತವೆ. ಆದ್ರೆ ಇದನ್ನೆಲ್ಲ ನಿಮ್ಮ ವಿಚಾರದಲ್ಲಿ ಹೇಳ್ಬೇಕಾದೋರು ಚೀಟಿ ಬರೆದ ಡಾಕ್ಟ್ರು, ನಾನೂ ಅಲ್ಲ ಮೊಬೈಲೂ ಅಲ್ಲ, ರಿಪೋರ್ಟ್ ತಗೊಂಡು ಸೀದಾ ಮೆಡಿಕಲ್ ಶಾಪಿಗೆ ಹೋಗೋದಂತೂ ಬೇಡ.

ಹಳೇ ರಿಪೋರ್ಟ್ ಎಷ್ಟು ಹಳೇದಾದ್ರೂ ತನ್ನಿ. ಶುಗರ್ ಇಳಿದಿದ್ರಲ್ಲ ಸಾಗರದ ಯಜಮಾನ್ರು, ಅವ್ರು ಹೋದ ವರ್ಷ ಮತ್ತೆ ಬಂದ್ರು, ಫೋನಲ್ಲಿ ನಾನು ಕೇಳೋ ಮುಂಚೇನೇ "ಶುಗರ್ ಇದೆ, ಮೊದಲನೇ ಟೋಕನ್ ಬೇಕು" ಅಂದಿದ್ರು. ರೇಷನ್ ಕಾರ್ಡ್ ಇಡೋ ಪ್ಲಾಸ್ಟಿಕ್ ಕವರಲ್ಲಿ ಎಲ್ಲಾ ರಿಪೋರ್ಟ್ ಜೋಡಿಸಿ ತಂದಿದ್ರು. ಎಡ ಕಿಡ್ನಿಲಿ ಒಂದು ಗುಳ್ಳೆ ಕಾಣ್ತಿತ್ತು. ಡಾಕ್ಟ್ರು ಕವರ್ ಬಿಚ್ಚಿ 2017ರ ಹಾಳೆ ತೆಗೆದು ನೋಡಿ "ಆಗ್ಲೂ ಇಷ್ಟೇ ಇತ್ತು ಯಜಮಾನ್ರೇ, ಒಂದು ಚೂರೂ ಬೆಳೆದಿಲ್ಲ" ಅಂದ್ರು. ಎಂಟೂವರೆಗೆ ಅವ್ರು ಹೊರಗೆ ಬೆಂಚ್ ಮೇಲೆ ಡಬ್ಬಿ ಬಿಚ್ಚಿ ಅಕ್ಕಿ ರೊಟ್ಟಿ ತಿಂತಾ ಕೂತಿದ್ರು, ಮಾತ್ರೆ ಪಕ್ಕದಲ್ಲಿತ್ತು.