5 ಲಕ್ಷ ನಿರ್ಮಾಪಕರ ಸಿನಿಮಾ

ಡಿಸೈನ್ ಮತ್ತು ಬಿಸಿನೆಸ್ ಲೋಕದಲ್ಲಿ ಈಗ ಎಲ್ಲಿ ಹೋದರೂ ಕೊಲಾಬರೇಶನ್ ಮಾತು. ಬಳಸುವವರನ್ನು ಜೊತೆಗೆ ಕೂರಿಸಿಕೊಂಡೇ ಡಿಸೈನ್ ಮಾಡಬೇಕು, ಬೇರೆ ಬೇರೆ ವಿದ್ಯೆ ಕಲಿತವರು ಒಂದೇ ಟೇಬಲ್‌ಗೆ ಬರಬೇಕು ಅಂತ ಎಲ್ಲರೂ ಹೇಳುತ್ತಾರೆ. ನಾನೂ ಇದೇ ಕೆಲಸದಲ್ಲಿರುವವಳು, ಇದನ್ನು ಮನಸಾರೆ ನಂಬುವವಳು. ಆದರೆ ಹೊಸಬರು ಯಾರಾದರೂ ಬಂದು ಇದರ ಬಗ್ಗೆ ಏನು ಓದಬೇಕು ಅಂತ ಕೇಳಿದರೆ ನಾನು ಪುಸ್ತಕದ ಹೆಸರು ಹೇಳುವುದಿಲ್ಲ. 1976ರ ‘ಮಂಥನ್’ ನೋಡಿ ಬನ್ನಿ, ಆಮೇಲೆ ಮಾತಾಡೋಣ ಅನ್ನುತ್ತೇನೆ.

ಶ್ಯಾಮ್ ಬೆನಗಲ್ ಅವರ ಹಿಂದಿ ಸಿನಿಮಾ. ಗುಜರಾತಿನ ಒಂದು ಹಳ್ಳಿಗೆ ಡಾಕ್ಟರ್ ರಾವ್ ಅನ್ನುವ ಪಶುವೈದ್ಯ ತನ್ನ ತಂಡ ಕಟ್ಟಿಕೊಂಡು ಬರುತ್ತಾರೆ. ಹಾಲಿನ ಸಹಕಾರ ಸಂಘ ಕಟ್ಟಬೇಕು ಅನ್ನುವುದು ಅವರ ಕೆಲಸ. ರಾವ್ ಆಗಿ ಗಿರೀಶ ಕಾರ್ನಾಡರು, ಅವರ ಜೊತೆಗಾರ ಚಂದಾವರ್ಕರ್ ಆಗಿ ನಮ್ಮ ಅನಂತ್ ನಾಗ್. ಸ್ಮಿತಾ ಪಾಟೀಲ್, ನಾಸಿರುದ್ದೀನ್ ಶಾ, ಅಮರೀಶ್ ಪುರಿ, ಕುಲಭೂಷಣ್ ಖರ್ಬಂದಾ ಎಲ್ಲ ಇದ್ದಾರೆ. ಕತೆ-ಚಿತ್ರಕತೆಯಲ್ಲಿ ಮರಾಠಿಯ ವಿಜಯ್ ತೆಂಡೂಲ್ಕರ್, ಮಾತು ಬರೆದವರು ಉರ್ದು ಕವಿ ಕೈಫಿ ಆಜ್ಮಿ. ಕ್ಯಾಮೆರಾ ಗೋವಿಂದ್ ನಿಹಲಾನಿ. ಅವರು ಛಾಯಾಗ್ರಹಣ ಕಲಿತದ್ದು ನಮ್ಮ ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ, ಆಮೇಲೆ ಪಳಗಿದ್ದು ಮೈಸೂರಿನವರೇ ಆದ ವಿ.ಕೆ. ಮೂರ್ತಿ ಅವರ ಕೈಕೆಳಗೆ. ಗುಜರಾತಿನ ಹಳ್ಳಿಯ ಕತೆ ಹೇಳೋಕೆ ಎಷ್ಟು ಭಾಷೆಯವರು ಸೇರಿದ್ದಾರೆ ನೋಡಿ.

ಇದಕ್ಕೆ ದುಡ್ಡು ಬಂದದ್ದು ಹೇಗೆ ಅನ್ನುವುದು ಈಗ ತುಂಬ ಜನಕ್ಕೆ ಗೊತ್ತಿದೆ. ಬೆನಗಲ್ ಜಾಹೀರಾತು ಕಂಪನಿಯಲ್ಲಿ ಕೆಲಸ ಮಾಡಿ ಬಂದವರು, ಹಾಲಿನ ಕ್ರಾಂತಿಯ ಬಗ್ಗೆ ಅಮುಲ್‌ನ ವರ್ಗೀಸ್ ಕುರಿಯನ್ ಅವರಿಗಾಗಿ ಸಾಕ್ಷ್ಯಚಿತ್ರಗಳನ್ನೂ ಮಾಡಿದ್ದರು. ಸಾಕ್ಷ್ಯಚಿತ್ರ ನೋಡುವವರು ಮೊದಲೇ ಒಪ್ಪಿಕೊಂಡ ಜನ, ಉಳಿದವರಿಗೆ ಮುಟ್ಟಬೇಕಾದರೆ ಕತೆ ಬೇಕು ಅಂತ ಅವರಿಗೆ ಅನ್ನಿಸಿತು. ದುಡ್ಡು ಹಾಕುವವರು ಯಾರು? ಗುಜರಾತಿನ ಹಾಲು ಒಕ್ಕೂಟದಲ್ಲಿ ಆಗ ಸುಮಾರು 5 ಲಕ್ಷ ಉತ್ಪಾದಕರಿದ್ದರು. ಒಂದು ದಿನದ ಹಾಲಿನ ದುಡ್ಡಿನಲ್ಲಿ ಒಬ್ಬೊಬ್ಬರು 2 ರೂಪಾಯಿ ಬಿಟ್ಟುಕೊಟ್ಟರೆ 10 ಲಕ್ಷ ಆಗುತ್ತದೆ. ಬಿಟ್ಟುಕೊಟ್ಟರು. ಸಿನಿಮಾ ಶುರುವಾಗುವುದೇ ಗುಜರಾತಿನ 5 ಲಕ್ಷ ರೈತರು ಅರ್ಪಿಸುವ ಚಿತ್ರ ಅಂತ. ಬಿಡುಗಡೆ ಆದಾಗ ಹಳ್ಳಿಗಳಿಂದ ಗಾಡಿ ಕಟ್ಟಿಕೊಂಡು ಜನ ಟಾಕೀಸಿಗೆ ಬಂದರು, ನಮ್ಮ ದುಡ್ಡಿನ ಸಿನಿಮಾ ಅಂತ.

ಈಗ ಜನ ಇದನ್ನು ಕ್ರೌಡ್‌ಫಂಡಿಂಗ್‌ನ ಮೊದಲ ಉದಾಹರಣೆ ಅಂತ ಪ್ರೆಸೆಂಟೇಶನ್‌ಗಳಲ್ಲಿ ತೋರಿಸುತ್ತಾರೆ. ತೋರಿಸಲಿ. ಆದರೆ ಅಷ್ಟಕ್ಕೇ ನಿಲ್ಲಿಸಿದರೆ ಸಿನಿಮಾದ ಒಳಗೆ ಏನಿದೆ ಅನ್ನುವುದನ್ನು ಯಾರೂ ನೋಡುವುದೇ ಇಲ್ಲ. ಒಳಗೆ ಇರುವುದು ಒಟ್ಟಿಗೆ ಕೆಲಸ ಮಾಡುವುದು ಯಾಕೆ ಅಷ್ಟು ಕಷ್ಟ ಅನ್ನುವ ಕತೆ. ತಾವೇ ದುಡ್ಡು ಹಾಕಿದ ಸಹಕಾರಿಗಳು ತಮ್ಮ ಸಂಘ ಮುರಿದು ಬೀಳುವ ಹಂತಕ್ಕೆ ಬರುವ ಕತೆಯನ್ನು ಮಾಡಿಸಿಕೊಂಡರು ಅನ್ನುವುದು ನನಗೆ ಇವತ್ತಿಗೂ ದೊಡ್ಡ ವಿಷಯ. ಯಾವ ಕಂಪನಿ ತನ್ನ ಪ್ರಚಾರದ ಚಿತ್ರವನ್ನು ಹೀಗೆ ಮಾಡಿಸುತ್ತದೆ ಹೇಳಿ?

ನಗರದಲ್ಲಿ ಕೂತು ನೋಡುವ ನಮಗೆ ಮೊದಲ ಸಲ ರಾವ್ ಹೀರೋ ಥರ ಕಾಣುತ್ತಾರೆ. ಓದಿದವರು, ಪ್ರಾಮಾಣಿಕರು, ಹಳ್ಳಿಗೆ ಬಂದು ಒಳ್ಳೆಯದು ಮಾಡುತ್ತಾರೆ. ಅಮರೀಶ್ ಪುರಿ ಮಾಡಿದ ಖಾಸಗಿ ಡೈರಿಯ ಮಿಶ್ರಾ ಕೆಟ್ಟವನು. ಊರಿನ ಪಂಚಾಯ್ತಿ ಮುಖ್ಯಸ್ಥ ಸರಪಂಚನೂ ಕೆಟ್ಟವನು. ಹಾಗೆ ನೋಡಿದರೆ ಇದು ನಾವು ನೂರು ಸಲ ನೋಡಿದ ಕತೆಯೇ. ಆದರೆ ಹಾಲು ಹಾಕಿ ಬದುಕುವವರ ಕಣ್ಣಿನಿಂದ ನೋಡಿ. ಮಿಶ್ರಾ ಹಾಲಿಗೆ ಕಡಿಮೆ ರೇಟು ಕೊಡುತ್ತಾನೆ, ಸರಿ. ಆದರೆ ಹುಷಾರಿಲ್ಲ ಅಂದಾಗ, ಮದುವೆ ಅಂದಾಗ, ಎಮ್ಮೆ ಸತ್ತಾಗ ದುಡ್ಡು ಕೊಡುವವನೂ ಅವನೇ. ಅವನು ಕಿರುಚುವ ವಿಲನ್ ಕೂಡ ಅಲ್ಲ, ಎಲ್ಲರನ್ನೂ ಹೆಸರು ಹಿಡಿದು ಮಾತಾಡಿಸುವ ಸಾಹುಕಾರ. ಅಂದರೆ ಅವನು ಹಾಲು ಕೊಳ್ಳುವ ವ್ಯಾಪಾರದ ಜೊತೆಗೆ ಸಾಲದ ವ್ಯಾಪಾರವನ್ನೂ ನಡೆಸುತ್ತಿದ್ದಾನೆ, ಆ ಎರಡನೆಯದರಿಂದಲೇ ಊರು ಅವನ ಕೈಯಲ್ಲಿದೆ. ಇವತ್ತು ಬಂದು ನಾಳೆ ವರ್ಗ ಆಗಿ ಹೋಗುವ ಸರ್ಕಾರಿ ಡಾಕ್ಟರನ್ನು ನಂಬಿ ಅವನನ್ನು ಬಿಡುವುದು ಹೇಗೆ? ಹಳ್ಳಿಯವರು ಹಿಂಜರಿಯುವುದು ತಿಳಿವಳಿಕೆ ಇಲ್ಲದೆ ಅಲ್ಲ, ಲೆಕ್ಕ ಚೆನ್ನಾಗಿ ಗೊತ್ತಿರುವುದರಿಂದ.

ಸಿನಿಮಾದ ಹಿಂದಿರುವ ನಿಜವಾದ ಸಂಘಗಳು, ಅಂದರೆ ಗುಜರಾತಿನ ಆನಂದ್ ಊರಿನ ಸಹಕಾರಿಗಳು, ಇದನ್ನು ಅರ್ಥ ಮಾಡಿಕೊಂಡಿದ್ದವು. ಅದಕ್ಕೇ ಅವು ಹಾಲು ಕೊಳ್ಳುವುದರಲ್ಲೇ ನಿಲ್ಲಲಿಲ್ಲ. ಪಶುವೈದ್ಯರು, ಪಶು ಆಹಾರ, ಕೃತಕ ಗರ್ಭಧಾರಣೆ ಎಲ್ಲವನ್ನೂ ಜೋಡಿಸಿದವು.

ಅಲ್ಲಿಯ ಇನ್ನೊಂದು ಜಾಣತನ ನನಗೆ ತುಂಬ ಇಷ್ಟ, ಅದು ಅಳತೆಯ ವಿಷಯ. ಹಾಲು ಹಾಕಿದ ಕೂಡಲೇ ಎಲ್ಲರ ಎದುರಿಗೇ ಸ್ಯಾಂಪಲ್ ತೆಗೆದು ಫ್ಯಾಟ್ ನೋಡುವುದು, ಫ್ಯಾಟ್ ಮೇಲೆ ದುಡ್ಡು, ಅದನ್ನು ಪುಸ್ತಕದಲ್ಲಿ ಬರೆದುಕೊಡುವುದು. ನಮ್ಮ ಕಡೆ ಡೈರಿಗೆ ಹಾಲು ಹಾಕುವ ಮನೆಯವರಿಗೆಲ್ಲ ಇದು ದಿನಾ ಎರಡು ಹೊತ್ತಿನ ಕೆಲಸ. ಡಿಗ್ರಿ (ಹಾಲಿನ ಗಟ್ಟಿತನದ ಅಳತೆ) ಎಷ್ಟು ಬಂತು, ಫ್ಯಾಟ್ ಎಷ್ಟು ಬಂತು, ಬಟವಾಡೆ ಯಾವತ್ತು. ಸುಮ್ನೆ ರೂಢಿಯಾಗಿ ಬಿಟ್ಟಿದೆ ಅಷ್ಟೇ. ಆದರೆ ಸಾಹುಕಾರ ಕಣ್ಣಳತೆಯಲ್ಲಿ ರೇಟು ಹೇಳುತ್ತಿದ್ದ ಕಾಲದಲ್ಲಿ ಇದು ಎಷ್ಟು ದೊಡ್ಡ ಬದಲಾವಣೆ ಅಂತ ಯೋಚಿಸಿ. ‘ಮಂಥನ್’ನಲ್ಲಿ ರಾವ್ ಹಾಲಿನ ಸ್ಯಾಂಪಲ್ ತೆಗೆದುಕೊಳ್ಳಲು ಹೋದಾಗ ಜನ ಅನುಮಾನದಿಂದ ನೋಡುತ್ತಾರೆ. ಅಲ್ಲಿಯವರೆಗೆ ಅಳತೆ ಅನ್ನುವುದು ಅವರ ವಿರುದ್ಧವೇ ಕೆಲಸ ಮಾಡಿತ್ತು, ಅಲ್ವಾ? ಅವರ ಪರವಾಗಿಯೂ ಅಳತೆ ಇರಬಹುದು ಅಂತ ನಂಬಿಸುವುದಕ್ಕೆ ಸಮಯ ಬೇಕು. ಯಾವ ಆ್ಯಪ್ ಡಿಸೈನ್ ಮಾಡುವವರೂ ಮೊದಲು ಈ ದೃಶ್ಯ ನೋಡಬೇಕು ಅಂತ ನನ್ನ ಆಸೆ.

ಈಗ ಸಿನಿಮಾದ ನಡುವಿನ ಜಾಗಕ್ಕೆ ಬರುತ್ತೇನೆ. ನನಗೆ ಹೇಳಬೇಕಾಗಿರುವುದೇ ಅದು.

ರಾವ್ ತಂಡದಲ್ಲಿ ದೇಶಮುಖ್ ಅಂತ ಒಬ್ಬರಿದ್ದಾರೆ, ಮೋಹನ್ ಆಗಾಶೆ ಮಾಡಿದ ಪಾತ್ರ. ಅವರು ಕೆಟ್ಟವರಲ್ಲ. ಅವರ ವಾದ ಬಹಳ ಸರಳ: ನಾವು ಬಂದಿರುವುದು ಸಂಘ ಕಟ್ಟೋಕೆ, ಸಮಾಜ ತಿದ್ದೋಕಲ್ಲ. ಜಾತಿ ಗಲಾಟೆಗೆ ಯಾಕೆ ಕೈ ಹಾಕಬೇಕು, ಮೊದಲು ಸಂಘ ನಿಲ್ಲಲಿ. ರಾವ್ ಒಪ್ಪುವುದಿಲ್ಲ. ಊರಾಚೆಯ ದಲಿತ ಕೇರಿಯವರು ಬರದೆ ಇದ್ದರೆ ಇದು ಯಾರ ಸಂಘ ಅನ್ನುವುದು ಅವರ ಪ್ರಶ್ನೆ. ಕೇರಿಯ ಯುವಕ ಭೋಲಾನಿಗೆ, ಅಂದರೆ ನಾಸಿರುದ್ದೀನ್ ಶಾಗೆ, ಪೇಟೆಯಿಂದ ಬಂದವರನ್ನು ಕಂಡರೆ ಆಗುವುದೇ ಇಲ್ಲ, ಅದಕ್ಕೆ ಅವನ ತಾಯಿಗೆ ಆದ ಮೋಸದ ಕಾರಣ ಇದೆ. ಅವನನ್ನು ಒಲಿಸಿಕೊಳ್ಳುವುದರಲ್ಲೇ ಅರ್ಧ ಸಿನಿಮಾ ಹೋಗುತ್ತದೆ. ಕೊನೆಗೆ ಸಂಘದ ಚುನಾವಣೆ ಬರುತ್ತದೆ. ಒಬ್ಬರಿಗೆ ಒಂದೇ ಓಟು. ಸರಪಂಚ ಸೋಲುತ್ತಾನೆ, ಕೇರಿಯವರ ಅಭ್ಯರ್ಥಿ ಗೆಲ್ಲುತ್ತಾನೆ. ಅಲ್ಲಿಂದ ಎಲ್ಲ ಕೆಡುತ್ತದೆ. ಸರಪಂಚ ಹೋಗಿ ಮಿಶ್ರಾನ ಜೊತೆ ಸೇರುತ್ತಾನೆ, ಗುಡಿಸಲುಗಳು ಸುಟ್ಟುಹೋಗುತ್ತವೆ, ಸಂಘಕ್ಕೆ ಬರುವ ಹಾಲು ನಿಲ್ಲುತ್ತದೆ.

ದೇಶಮುಖ್ ಮಾತು ಕೇಳಿದ್ದರೆ ಹೀಗೆ ಆಗುತ್ತಿರಲಿಲ್ಲವೇನೋ. ನಾನು ಕೆಲಸ ಮಾಡಿದ ತಂಡಗಳಲ್ಲಿ ದೇಶಮುಖ್ ಮಾತೇ ಹೆಚ್ಚಾಗಿ ಗೆಲ್ಲುತ್ತದೆ. ಮೊದಲು ಶುರು ಮಾಡೋಣ, ಕಷ್ಟದವರನ್ನು ಆಮೇಲೆ ಸೇರಿಸಿಕೊಳ್ಳೋಣ ಅನ್ನುತ್ತೇವೆ. ಆ ಆಮೇಲೆ ಬರುವುದೇ ಇಲ್ಲ. ಅಷ್ಟು ಹೊತ್ತಿಗೆ ಎಲ್ಲ ಕುರ್ಚಿಗಳಲ್ಲೂ ಯಾರೋ ಕೂತಿರುತ್ತಾರೆ. ಟೇಬಲ್‌ಗೆ ಕರೆಯುವುದು ಸುಲಭ. ಕರೆದವರಿಗೆ ಓಟು ಕೊಟ್ಟಾಗ, ಅವರು ಆ ಓಟಿನಿಂದ ಊರಿನ ದೊಡ್ಡವರನ್ನೇ ಸೋಲಿಸಿದಾಗ, ಆಗ ನಾವು ಎಲ್ಲಿ ನಿಲ್ಲುತ್ತೇವೆ ಅನ್ನುವುದರ ಮೇಲೆ ಇದು ನಿಜವಾದ ಕೊಲಾಬರೇಶನ್ ಹೌದೋ ಅಲ್ಲವೋ ಗೊತ್ತಾಗುತ್ತದೆ. ನಾನು ರಾವ್ ಪರ. ಅವರು ಸೋತರೂ ಅವರ ಪರ. ಎಲ್ಲ ಮನೆಯ ಹಾಲು ಒಂದೇ ಕ್ಯಾನಿಗೆ ಬೀಳುವ ವ್ಯವಸ್ಥೆಯನ್ನು ಜಾತಿಯ ಮಾತೆತ್ತದೆ ಕಟ್ಟಬಹುದು ಅಂತ ನನಗೆ ಅನ್ನಿಸುವುದಿಲ್ಲ.

ಇದನ್ನು ಹೊರಗಿನವರು ನೋಡಿದಾಗ ಒಂದು ತೊಡಕು ಬರುತ್ತದೆ. ಜಾತಿ ಗೊತ್ತಿಲ್ಲದವರಿಗೆ ಸರಪಂಚನ ಸಿಟ್ಟು ಬರೀ ಅಹಂಕಾರದಂತೆ ಕಾಣುತ್ತದೆ, ಚುನಾವಣೆಯಲ್ಲಿ ಸೋತವನ ಸಿಟ್ಟು ಅಷ್ಟೇ ಅಂತ. ನಮ್ಮ ಹಳ್ಳಿ ಗೊತ್ತಿದ್ದವರಿಗೆ ಅವನು ಸೋತದ್ದಕ್ಕಿಂತ ಯಾರ ಕೈಯಲ್ಲಿ ಸೋತ ಅನ್ನುವುದು ಮೊದಲು ಕಾಣುತ್ತದೆ. ಸಿನಿಮಾ ಅದನ್ನು ಜಾಸ್ತಿ ವಿವರಿಸಿ ಹೇಳುವುದಿಲ್ಲ. ಹೇಳಬೇಕಾಗಿಯೂ ಇರಲಿಲ್ಲ, ಅದರ ನಿರ್ಮಾಪಕರಿಗೆ ಅದು ಚೆನ್ನಾಗಿ ಗೊತ್ತಿತ್ತು.

ಆನಂದ್‌ನ ನಿಜವಾದ ಕತೆಯಲ್ಲೂ ಬೇರೆ ಬೇರೆ ಥರದ ಜನ ಸೇರಿದ್ದರಿಂದಲೇ ಕೆಲಸ ಆಗಿದೆ. ಮುಂದೆ ಅಮುಲ್ ಆದ ಖೇಡಾ ಜಿಲ್ಲೆಯ ಒಕ್ಕೂಟ ನೋಂದಣಿಯಾದದ್ದು 1946ರ ಡಿಸೆಂಬರ್‌ನಲ್ಲಿ, ಖಾಸಗಿ ಪಾಲ್ಸನ್ ಡೈರಿಯ ವಿರುದ್ಧ ರೈತರು ಹಾಲು ಕೊಡುವುದನ್ನೇ ನಿಲ್ಲಿಸಿದ ಮೇಲೆ. ಹಳ್ಳಿ ಹಳ್ಳಿ ಸುತ್ತಿ ರೈತರ ನಂಬಿಕೆ ಗಳಿಸಿದವರು ತ್ರಿಭುವನದಾಸ್ ಪಟೇಲ್. ನಡೆಸುವ ಜಾಣ್ಮೆ ಕುರಿಯನ್ ಅವರದ್ದು. ಮೂರನೆಯವರು ಹಾಲಿನ ತಂತ್ರಜ್ಞ ಎಚ್.ಎಂ. ದಲಾಯ, ಅವರ ಹೆಸರು ಕಡಿಮೆ ಜನಕ್ಕೆ ಗೊತ್ತು. ಚಳಿಗಾಲದಲ್ಲಿ ಎಮ್ಮೆಗಳು ಜಾಸ್ತಿ ಹಾಲು ಕೊಡುತ್ತವೆ, ಆನಂದ್‌ನ ಹಾಲು ಹೋಗುತ್ತಿದ್ದ ಬಾಂಬೆಗೆ ಅಷ್ಟು ಹಾಲು ಬೇಕಿರಲಿಲ್ಲ. ಪುಡಿ ಮಾಡಿ ಇಡೋಣ ಅಂದರೆ ಎಮ್ಮೆ ಹಾಲಿನಿಂದ ಪುಡಿ ಆಗುವುದಿಲ್ಲ ಅಂತ ವಿದೇಶದ ತಜ್ಞರು ಹೇಳುತ್ತಿದ್ದರು, ಅವರ ದೇಶಗಳಲ್ಲಿ ಇದ್ದದ್ದು ಹಸುವಿನ ಹಾಲು. ದಲಾಯ ಮಾಡಿ ತೋರಿಸಿದರು. 1955ರ ಅಕ್ಟೋಬರ್ 31ರಂದು ನೆಹರೂ ಬಂದು ಆ ಕಾರ್ಖಾನೆ ಉದ್ಘಾಟಿಸಿದರು. ಈ ಮೂವರಲ್ಲಿ ಒಬ್ಬರನ್ನು ತೆಗೆದರೂ ಅಮುಲ್ ಇರುತ್ತಿರಲಿಲ್ಲ ಅನ್ನುವುದು ನನ್ನ ಖಚಿತ ಅಭಿಪ್ರಾಯ. ಆದರೂ ನಾವು ಕುರಿಯನ್ ಒಬ್ಬರ ಹೆಸರಿನಲ್ಲೇ ಕತೆ ಹೇಳುತ್ತೇವೆ.

ಸಿನಿಮಾದ ಎರಡನೇ ಬದುಕೂ ಚೆನ್ನಾಗಿದೆ. ಟಾಕೀಸಿನ ಓಟ ಮುಗಿದ ಮೇಲೆ ಅದನ್ನು ಹೊಸ ಹೊಸ ಹಳ್ಳಿಗಳಿಗೆ ಒಯ್ದರು. ಜೊತೆಗೆ ಪಶುವೈದ್ಯರು, ಹಾಲಿನ ತಂತ್ರಜ್ಞರು, ಮೇವಿನ ಬಗ್ಗೆ ತಿಳಿದವರು ಹೋಗುತ್ತಿದ್ದರು. ರಾತ್ರಿ ಸಿನಿಮಾ ತೋರಿಸಿ, ನೋಡಿದವರ ಜೊತೆ ಕೂತು ಸಂಘದ ಮಾತು ಶುರು ಮಾಡುವುದು. ಸಿನಿಮಾದಲ್ಲಿ ಕಂಡ ಜಗಳವನ್ನೇ ಮುಂದಿಟ್ಟುಕೊಂಡು ನಮ್ಮೂರಲ್ಲಿ ಹೀಗಾದರೆ ಏನು ಮಾಡೋದು ಅಂತ ಮಾತಾಡಬಹುದು. ಕರ್ನಾಟಕದಲ್ಲೂ ಅದೇ ಕಾಲದಲ್ಲಿ, 1974ರಿಂದ, ವಿಶ್ವಬ್ಯಾಂಕ್ ನೆರವಿನಲ್ಲಿ ಆನಂದ್ ಮಾದರಿಯ ಸಂಘಗಳು ಶುರುವಾದವು. ಅದನ್ನು ನಡೆಸಿದ ಸಂಸ್ಥೆಯೇ 1984ರಲ್ಲಿ ಕೆಎಂಎಫ್ (ಕರ್ನಾಟಕ ಹಾಲು ಮಹಾಮಂಡಳ) ಆಯಿತು. ನಾವು ಬೆಳಗ್ಗೆ ಗೇಟಿನಿಂದ ತರುವ ನಂದಿನಿ ಹಾಲಿನ ಹಿಂದೆ ಇರುವುದು ಅದೇ ಕ್ಯಾನು, ಅದೇ ಓಟು.

‘ಮಂಥನ್’ ಬಗ್ಗೆ ನನಗೆ ಒಂದು ದೊಡ್ಡ ತಕರಾರೂ ಇದೆ, ಅದನ್ನು ಹೇಳದೆ ಹೋದರೆ ಸರಿಯಲ್ಲ. ಸ್ಮಿತಾ ಪಾಟೀಲ್ ಮಾಡಿದ ಬಿಂದು ಇಡೀ ಸಿನಿಮಾದಲ್ಲಿ ಎಲ್ಲರಿಗಿಂತ ಚುರುಕು. ಎಮ್ಮೆ ಸಾಕುವವಳು ಅವಳು, ಹಾಲಿನ ಲೆಕ್ಕ ಗೊತ್ತಿರುವವಳು ಅವಳು, ರಾವ್ ಜೊತೆ ಕಣ್ಣಲ್ಲಿ ಕಣ್ಣಿಟ್ಟು ಮಾತಾಡುವವಳು ಅವಳು. ಆದರೆ ಸಂಘದ ಚುನಾವಣೆಯ ಮಾತು ಬಂದಾಗ ಎಲ್ಲ ಗಂಡಸರೇ. ಅವಳಿಗೆ ಉಳಿಯುವುದು ರಾವ್ ಮೇಲಿನ ಹೇಳಲಾಗದ ಅಕ್ಕರೆ, ಮತ್ತೆ ಕೊನೆಗೆ ಅವರ ವಿರುದ್ಧದ ಸುಳ್ಳು ದೂರಿಗೆ ಒತ್ತಿಸಿಕೊಂಡ ಹೆಬ್ಬೆಟ್ಟು. ರಾವ್ ಊರು ಬಿಟ್ಟ ಮೇಲೆ ಭೋಲಾ ಸಂಘವನ್ನು ಕೈಗೆತ್ತಿಕೊಳ್ಳುತ್ತಾನೆ. ಹೊರಗಿನಿಂದ ಬಂದವರು ಹೋಗಬೇಕು, ಊರಿನವರು ನಡೆಸಬೇಕು ಅನ್ನುವುದು ನನಗೆ ಪೂರಾ ಒಪ್ಪಿಗೆ. ಆದರೆ ಅದು ಬಿಂದು ಕೈಗೆ ಯಾಕೆ ಹೋಗಲಿಲ್ಲ? ಹುಲ್ಲು ತರುವುದು, ಹಿಂಡಿ ಕಲಸುವುದು, ಹಾಲು ಕರೆಯುವುದು, ಕೊಟ್ಟಿಗೆ ತೊಳೆಯುವುದು ಎಲ್ಲ ಹೆಂಗಸರು ಮಾಡಿ, ಸದಸ್ಯತ್ವದ ಪುಸ್ತಕದಲ್ಲಿ ಮಾತ್ರ ಗಂಡನ ಹೆಸರು ಇರುವುದು ಬಹಳ ವರ್ಷ ನಡೆಯಿತು. ನಮ್ಮ ರಾಜ್ಯದಲ್ಲಿ ಹೆಂಗಸರೇ ಸದಸ್ಯರು, ಹೆಂಗಸರೇ ಅಧ್ಯಕ್ಷರು, ಹೆಂಗಸರೇ ಸೆಕ್ರೆಟರಿ ಆಗಿರುವ ಮಹಿಳಾ ಹಾಲು ಉತ್ಪಾದಕರ ಸಂಘಗಳು ಆಮೇಲೆ ಬಂದವು.

ಫಿಲ್ಮ್ ಹೆರಿಟೇಜ್ ಫೌಂಡೇಶನ್‌ನವರು ಸರಿಪಡಿಸಿದ ಹೊಸ ಪ್ರಿಂಟನ್ನು 2024ರಲ್ಲಿ ಕಾನ್ ಚಿತ್ರೋತ್ಸವದಲ್ಲಿ ತೋರಿಸಿದರು, ಆಮೇಲೆ ಇಲ್ಲಿನ ಚಿತ್ರಮಂದಿರಗಳಿಗೂ ಬಂತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಬೆನಗಲ್ ತೀರಿಕೊಂಡರು. ಸಿಕ್ಕರೆ ಆ ಪ್ರಿಂಟೇ ನೋಡಿ. ಸಾಧ್ಯವಾದರೆ ಡೈರಿಗೆ ಹಾಲು ಹಾಕುವ ಮನೆಯವರ ಜೊತೆ ಕೂತು ನೋಡಿ, ಸರಪಂಚ ಸೋತ ಮೇಲೆ ಒಂದು ಸಲ ನಿಲ್ಲಿಸಿ ಮುಂದೆ ಏನಾಗುತ್ತದೆ ಅಂತ ಅವರನ್ನೇ ಕೇಳಿ. ಅವರು ಏನು ಹೇಳಿದರು ಅಂತ ನನಗೂ ಬರೆದು ತಿಳಿಸಿ.