‘ಇಷ್ಟು ಸಣ್ಣಗಿದ್ದೀರಿ, ನಿಮಗೆ ಹೇಗೆ ಶುಗರ್ ಬಂತು?’

ಊಟದ ಪಂಕ್ತಿಯಲ್ಲಿ ಹೋಳಿಗೆ ಬೇಡ ಎಂದರೆ ಸಾಕು, ಪಕ್ಕದಲ್ಲಿ ಕೂತವರು ಕೇಳುತ್ತಾರೆ. ಆಫೀಸಿನಲ್ಲಿ ಕೇಳುತ್ತಾರೆ, ಬೆಳಗಿನ ವಾಕಿಂಗ್‌ನಲ್ಲಿ ಸಿಕ್ಕವರೂ ಕೇಳುತ್ತಾರೆ: “ದಪ್ಪ ಇರೋರಿಗೆ ಬರುತ್ತೆ ಅಂತಾರೆ, ನಿಮಗೆ ಹೇಗೆ ಬಂತು?” ಕೆಲವರು “ಸಿಹಿ ಜಾಸ್ತಿ ತಿಂತಿದ್ರೇನೋ” ಎಂದು ಉತ್ತರವನ್ನೂ ತಾವೇ ಹೇಳಿಬಿಡುತ್ತಾರೆ. ಹೀಗೆ ಕೇಳುವವರಲ್ಲಿ ಬಹಳ ಜನ ನನ್ನಂತೆಯೇ ಸಣ್ಣ ಮೈಯವರು, ತಮಗೆ ಬರುವುದಿಲ್ಲ ಎಂಬ ಧೈರ್ಯದಲ್ಲಿ ಇರುವವರು. ಆ ಧೈರ್ಯ ನನಗೆ ಭಯ ಹುಟ್ಟಿಸುತ್ತದೆ. ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ತೂಕದ ಯಂತ್ರ ಹೇಳುವುದು ಒಟ್ಟು ತೂಕವನ್ನು ಮಾತ್ರ. ಅದರಲ್ಲಿ ಕೊಬ್ಬೆಷ್ಟು, ಮಾಂಸಖಂಡವೆಷ್ಟು, ಆ ಕೊಬ್ಬು ಎಲ್ಲಿ ಕೂತಿದೆ ಎಂಬುದು ಅದಕ್ಕೆ ಗೊತ್ತಿಲ್ಲ. ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್ ಎಂಬ ಇಬ್ಬರು ವೈದ್ಯರು 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ತಮ್ಮಿಬ್ಬರ ಫೋಟೋವನ್ನೇ ಪ್ರಕಟಿಸಿದರು. ಇಬ್ಬರ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕಂತೆ ತೂಕ ಅಳೆಯುವ ಲೆಕ್ಕ, ಒಂದೇ: 22.3. ಆದರೆ ಯುಡ್ಕಿನ್ ಮೈಯಲ್ಲಿ ಕೊಬ್ಬು ಶೇ. 9.1, ಯಾಜ್ಞಿಕ್ ಮೈಯಲ್ಲಿ ಶೇ. 21.2. ನೋಡಲು ಇಬ್ಬರೂ ತೆಳ್ಳಗಿದ್ದವರೇ. ನನ್ನನ್ನು ಪ್ರಶ್ನೆ ಕೇಳಿದವರಿಗೆಲ್ಲ ಮೊದಲು ಹೇಳುವುದು ಈ ಎರಡು ಅಂಕಿಗಳನ್ನೇ.

ಕೊಬ್ಬು ಚರ್ಮದ ಕೆಳಗೆ, ತೊಡೆಯಲ್ಲಿ, ಪೃಷ್ಠದಲ್ಲಿ ಕೂತರೆ ಅಷ್ಟು ತೊಂದರೆ ಇಲ್ಲ. ಅದು ದೇಹದ ಕಣಜ. ಒಬ್ಬೊಬ್ಬರ ಕಣಜ ಒಂದೊಂದು ಅಳತೆಯದು, ನಮ್ಮಲ್ಲಿ ಅನೇಕರದು ಚಿಕ್ಕದು. ತುಂಬಿದ ಮೇಲೆ ಉಳಿದದ್ದು ಲಿವರಿಗೂ ಮೇದೋಜೀರಕ ಗ್ರಂಥಿಗೂ ಹೋಗಿ ಸೇರುತ್ತದೆ. ಕೊಬ್ಬು ಸೇರಿದ ಲಿವರ್, ಸಕ್ಕರೆಯನ್ನು ಹತೋಟಿಯಲ್ಲಿಡುವ ಇನ್ಸುಲಿನ್ ಹಾರ್ಮೋನಿನ ಮಾತು ಕೇಳುವುದಿಲ್ಲ, ರಾತ್ರಿಯಿಡೀ ಸಕ್ಕರೆಯನ್ನು ರಕ್ತಕ್ಕೆ ಬಿಡುತ್ತಲೇ ಇರುತ್ತದೆ. ಏನೂ ತಿನ್ನದೆ ಮಲಗಿ ಎದ್ದರೂ ಫಾಸ್ಟಿಂಗ್ ಶುಗರ್ ಜಾಸ್ತಿ ಬರುವುದಕ್ಕೆ ಇದೇ ಮುಖ್ಯ ಕಾರಣ. ಇನ್ನು ಊಟದ ನಂತರದ ಸಕ್ಕರೆಯ ದೊಡ್ಡ ಪಾಲನ್ನು ಎಳೆದುಕೊಳ್ಳಬೇಕಾದದ್ದು ಮಾಂಸಖಂಡ. ಸಣಕಲು ಕೈಕಾಲಿನವರಲ್ಲಿ ಅದೇ ಕಡಿಮೆ. ಕೈಕಾಲು ತೆಳ್ಳಗೆ, ಅಂಗಿಯೊಳಗೆ ಪುಟ್ಟ ಹೊಟ್ಟೆ: ನಮ್ಮ ಬಸ್ಸುಗಳಲ್ಲಿ, ಬ್ಯಾಂಕ್ ಕೌಂಟರುಗಳಲ್ಲಿ ದಿನವೂ ಕಾಣುವ ಈ ಮೈಕಟ್ಟೇ ಮಧುಮೇಹಕ್ಕೆ ಸುಲಭವಾಗಿ ಸಿಕ್ಕಿಬೀಳುವ ಮೈಕಟ್ಟು.

ಇದು ಹುಟ್ಟಿನಿಂದಲೇ ಶುರುವಾಗುತ್ತದೆ ಎನ್ನುವುದು ನನ್ನ ಮನಸ್ಸಿಗೆ ತುಂಬ ತಾಗಿದ ಸಂಗತಿ. ಪುಣೆ ಸುತ್ತಲಿನ ಹಳ್ಳಿಗಳ ನವಜಾತ ಶಿಶುಗಳು ಸರಾಸರಿ 2.7 ಕೆ.ಜಿ. ಇದ್ದರೆ ಇಂಗ್ಲೆಂಡಿನವು 3.5 ಕೆ.ಜಿ. ನಮ್ಮ ಮಕ್ಕಳಲ್ಲಿ ಕಡಿಮೆಯಾಗಿದ್ದದ್ದು ಮಾಂಸಖಂಡ. ಬೆನ್ನಿನ ಮೇಲಿನ ಕೊಬ್ಬು ಹೆಚ್ಚುಕಡಿಮೆ ಅಷ್ಟೇ ಇತ್ತು. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ ನಡೆದ ಅಧ್ಯಯನದಲ್ಲೂ ಇಂಥದ್ದೇ ಚಿತ್ರ ಕಂಡಿತು. ನಮ್ಮೂರಿನವರು ಮಿಷನ್ ಆಸ್ಪತ್ರೆ ಎಂದು ಕರೆಯುವ ಈ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಶಿಶುಗಳ ತೂಕ, ಉದ್ದ ಬರೆದಿಟ್ಟ ದಾಖಲೆಗಳಿವೆ. ದಶಕಗಳ ಬಳಿಕ ಅದೇ ಶಿಶುಗಳನ್ನು ದೊಡ್ಡವರಾದ ಮೇಲೆ ಹುಡುಕಿ ಪರೀಕ್ಷಿಸಿ, ಹುಟ್ಟಿನ ಅಳತೆಗೂ ಮುಂದಿನ ಹೃದ್ರೋಗ, ಮಧುಮೇಹಕ್ಕೂ ಇರುವ ನಂಟನ್ನು ಅಭ್ಯಾಸ ಮಾಡಿದರು. ಹಾಗಾಗಿ ಶುಗರ್ ಬಂದವರನ್ನೆಲ್ಲ “ನಾಲಿಗೆ ಚಪಲ” ಎಂದು ಹಂಗಿಸುವುದು ಅನ್ಯಾಯ. ದಪ್ಪ ಇರುವವರಿಗೂ ಈ ಮಾತು ಅನ್ವಯಿಸುತ್ತದೆ.

ಹಾಗಾದರೆ ನೋಡಬೇಕಾದದ್ದೇನು? ಸೊಂಟದ ಸುತ್ತಳತೆ. ದರ್ಜಿಯ ಟೇಪು ತೆಗೆದುಕೊಳ್ಳಿ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ, ಹೊಟ್ಟೆ ಒಳಗೆಳೆಯದೆ, ಸಹಜವಾಗಿ ಉಸಿರು ಬಿಟ್ಟ ಮೇಲೆ ಅಳೆಯಿರಿ. ಪ್ಯಾಂಟಿನ ಸೈಜು ನಂಬಬೇಡಿ, ಪ್ಯಾಂಟು ಹೊಟ್ಟೆಯ ಕೆಳಗೆ ಜಾರಿ ನಿಲ್ಲುತ್ತದೆ. ನಮ್ಮವರಿಗೆ ಗಂಡಸರಲ್ಲಿ 90 ಸೆಂ.ಮೀ., ಹೆಂಗಸರಲ್ಲಿ 80 ಸೆಂ.ಮೀ. ಮಿತಿ. ಬಿಎಂಐ ಕೂಡ ನಮಗೆ 23 ಮುಟ್ಟಿದರೇ ಹೆಚ್ಚು ತೂಕ ಎಂದು ಲೆಕ್ಕ, 25 ಅಲ್ಲ.

ಊಟದ ವಿಷಯದಲ್ಲಿ ನನಗೆ ಪಾಠ ಹೇಳಿದ್ದು ಗ್ಲುಕೋಮೀಟರ್. ನಾಲ್ಕು ಇಡ್ಲಿ, ಚಟ್ನಿ ತಿಂದ ದಿನ ಎರಡು ಗಂಟೆಯ ನಂತರ 210ರ ಆಸುಪಾಸು ತೋರಿಸುತ್ತದೆ. ಎರಡೇ ಇಡ್ಲಿ, ಬಟ್ಟಲು ತುಂಬ ಗಟ್ಟಿ ಬೇಳೆ-ತರಕಾರಿ ಸಾಂಬಾರು, ಅದರ ಮೇಲೆ ಕಾಲು ಗಂಟೆ ನಡಿಗೆ ಆದರೆ 150 ದಾಟುವುದು ಅಪರೂಪ. ನಡೆಯುವಾಗ ಮಾಂಸಖಂಡ ಇನ್ಸುಲಿನ್‌ಗೆ ಕಾಯದೆಯೂ ಸಕ್ಕರೆ ಎಳೆದುಕೊಳ್ಳುತ್ತದೆ, ಅದಕ್ಕೇ ಊಟವಾದ ಮೇಲಿನ ನಡಿಗೆಗೆ ಅಷ್ಟು ಬೆಲೆ. ನಡಿಗೆಯೊಂದೇ ಸಾಲದು, ಬಸ್ಕಿ, ಭಾರ ಎತ್ತುವುದು ವಾರಕ್ಕೆರಡು ಸಲವಾದರೂ ಬೇಕು. ಸಣ್ಣಗಿರುವವರಿಗಂತೂ ಇದೇ ಮುಖ್ಯ.

“ಮುದ್ದೆ ತಿನ್ನಿ, ಸರಿಹೋಗುತ್ತೆ” ಎನ್ನುವವರಿಗೆ ಒಂದು ಮಾತು. ರಾಗಿಯಲ್ಲಿ ನಾರು, ಕ್ಯಾಲ್ಸಿಯಂ ಹೆಚ್ಚು, ನಿಜ. ಆದರೆ ಅದರಲ್ಲೂ ಮೂರನೇ ಎರಡು ಪಾಲು ಕಾರ್ಬೋಹೈಡ್ರೇಟೇ. ದೊಡ್ಡ ಮುದ್ದೆ ಎರಡು ತಿಂದು ಮೇಲೆ ಅನ್ನ ಹಾಕಿಸಿಕೊಂಡರೆ ಮೀಟರಿನ ಅಂಕಿ ಇಳಿಯುವುದಿಲ್ಲ. ರಾಗಿ ಗಂಜಿ ಇನ್ನೂ ಬೇಗ ಏರಿಸುತ್ತದೆ. ಒಂದು ಚಿಕ್ಕ ಮುದ್ದೆ, ಜೊತೆಗೆ ಸೊಪ್ಪು-ಕಾಳಿನ ಸಾರು ಧಾರಾಳವಾಗಿ ಇದ್ದರೆ ಒಳ್ಳೆಯ ಊಟ.

“ಮತ್ತೆ ತೂಕ ಇನ್ನೂ ಇಳಿಸಬೇಕಾ?” ಎಂಬುದು ಮುಂದಿನ ಪ್ರಶ್ನೆ. ಕೆಲವರು ಇಳಿಸಬಹುದು. ಬ್ರಿಟನ್ನಿನ ನ್ಯೂಕ್ಯಾಸಲ್‌ನ ರಾಯ್ ಟೇಲರ್ ತಂಡ ಬಿಎಂಐ 27ಕ್ಕಿಂತ ಕಡಿಮೆ ಇದ್ದ 20 ಮಧುಮೇಹಿಗಳಿಗೆ ಹಂತ ಹಂತವಾಗಿ ತೂಕ ಇಳಿಸಲು ನೆರವಾಯಿತು. 14 ಜನರ ಶುಗರ್ ಔಷಧವಿಲ್ಲದೆ ಮಧುಮೇಹದ ಗೆರೆಗಿಂತ ಕೆಳಗೆ ಬಂತು. ಅವರ ಲಿವರಿನ ಕೊಬ್ಬು ಕರಗಿತ್ತು. ಆದರೆ ಅದು ವೈದ್ಯರ ಕಣ್ಣಿನ ಮುಂದೆ ನಡೆದದ್ದು. ಗ್ಲಿಮೆಪಿರೈಡ್‌ನಂಥ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ತಾವಾಗಿಯೇ ಊಟ ಕಡಿತ ಮಾಡಿದರೆ ಶುಗರ್ ತೀರ ಕೆಳಗಿಳಿದು ತಲೆಸುತ್ತಿ ಬೀಳಬಹುದು.

ಇನ್ನೊಂದು ಎಚ್ಚರಿಕೆ ಇದೆ. ಪ್ರಯತ್ನವಿಲ್ಲದೆ ತೂಕ ಇಳಿಯುತ್ತಿದೆ, ಬಾಯಾರಿಕೆ ತಡೆಯಲಾಗುತ್ತಿಲ್ಲ, ರಾತ್ರಿ ಪದೇಪದೇ ಮೂತ್ರಕ್ಕೆ ಏಳಬೇಕಾಗಿದೆ ಎಂದಾದರೆ ಅದು ಬೇರೆ ಬಗೆಯ ಮಧುಮೇಹವೂ ಇರಬಹುದು, ಅದಕ್ಕೆ ಮೊದಲಿಂದಲೇ ಇನ್ಸುಲಿನ್ ಬೇಕಾಗಬಹುದು. ಆಗ ಕಾಯಬೇಡಿ, ಅದೇ ದಿನ ಆಸ್ಪತ್ರೆಗೆ ಹೋಗಿ. ಇಂಥ ಲಕ್ಷಣ ಇಲ್ಲದವರು, ಅಪ್ಪ-ಅಮ್ಮನಿಗೆ ಶುಗರ್ ಇದ್ದರೆ, ಎಷ್ಟೇ ಸಣ್ಣಗಿದ್ದರೂ ಫಾಸ್ಟಿಂಗ್ ಮತ್ತು ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತ ಪರೀಕ್ಷೆ) ಮಾಡಿಸಿ. ಎಚ್‌ಬಿಎ1ಸಿ 5.7ರಿಂದ 6.4 ಇದ್ದರೆ ಹೊಸ್ತಿಲಲ್ಲಿದ್ದೀರಿ, 6.5 ಮುಟ್ಟಿದರೆ ಮಧುಮೇಹ. 30 ದಾಟಿದವರಿಗೆ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಶುಗರ್, ಬಿಪಿ ತಪಾಸಣೆ ಉಚಿತವಾಗಿಯೇ ಆಗುತ್ತದೆ.