ಸ್ಟ್ಯಾಂಡ್ ಇಳಿಸಿ ಸಾಕು

ಇವತ್ತು ನಮ್ಮ ಯುವಕ ಯುವತಿಯರ ಸಭೆ ನಡೆಸಿದ್ದು ವೀಲ್‌ಚೇರ್ ಬಳಸುವ ಹುಡುಗಿ. ಮೈಕ್ ಅವಳ ತಲೆಗಿಂತ ಮೇಲಿತ್ತು. ಯಾರೋ ಅದನ್ನು ಕಿತ್ತು ಅವಳ ಬಾಯಿಯ ಹತ್ತಿರ ಹಿಡಿಯಲು ಓಡಿದರು. "ಬೇಡ, ಸ್ಟ್ಯಾಂಡ್ ಇಳಿಸಿ ಸಾಕು" ಅಂದಳು. ಆಮೇಲೆ ಎರಡು ಗಂಟೆ ಸಭೆ ಅವಳ ಹಿಡಿತದಲ್ಲೇ ಇತ್ತು. ಜಾಸ್ತಿ ಮಾತಾಡುವವರನ್ನು ನಿಲ್ಲಿಸಿದಳು, ಸುಮ್ನೆ ಕೂತವರನ್ನು ಮಾತಾಡಿಸಿದಳು. ಎಷ್ಟು ಖುಷಿಯಾಯಿತು ಗೊತ್ತಾ!

1977ರ ಸ್ಯಾನ್ ಫ್ರಾನ್ಸಿಸ್ಕೋ ಧರಣಿ ನೆನಪಾಯಿತು. ಅಂಗವಿಕಲರ ಹಕ್ಕಿಗಾಗಿ, ವೀಲ್‌ಚೇರ್ ಬಳಸುತ್ತಿದ್ದ ಅಮೆರಿಕದ ಹೋರಾಟಗಾರ್ತಿ ಜೂಡಿ ಹ್ಯೂಮನ್ ಮತ್ತು ಸಂಗಡಿಗರು ಸರ್ಕಾರಿ ಕಟ್ಟಡದಲ್ಲಿ ಮೂರು ವಾರಕ್ಕೂ ಹೆಚ್ಚು ಕಾಲ ಕೂತಿದ್ದರು. ಫೋನ್ ಕಡಿತವಾದಾಗ ಕಿವುಡರು ಕಿಟಕಿಯಲ್ಲಿ ನಿಂತು ಸನ್ನೆ ಭಾಷೆಯಲ್ಲೇ ಹೊರಗೆ ಸುದ್ದಿ ಮುಟ್ಟಿಸಿದರು. ಜೂಡಿಗೆ ಆಗ ಬರೀ 29 ವರ್ಷ.

ಮುಂದಿನ ಭಾನುವಾರ ಮತ್ತೆ ಸಭೆ. ಸ್ಟ್ಯಾಂಡ್ ಮೊದಲೇ ಇಳಿಸಿಡುತ್ತೇನೆ.